ಮಿಲ್ ಓಡುವಾಗ ಯಾರಿಗೂ ಕೇಳಿಸಲ್ಲ: ಮಗನನ್ನು ಕಳೆದುಕೊಂಡ ಒಂದು ಮನೆಯ ಪ್ರಕರಣ

"ಮೇಡಂ, ಅಮ್ಮ ಈಗ ಯಾವ ಸ್ಟೇಜಲ್ಲಿದ್ದಾರೆ?"

ಮಗಳು ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದು ಕೇಳಿದ ಮೊದಲ ಪ್ರಶ್ನೆ ಇದು. ದುಃಖಕ್ಕೆ ಐದು ಮೆಟ್ಟಿಲು ಅಂತ ಎಲ್ಲೋ ಓದಿದ್ದಳು. ಮೂರನೆಯದೋ ನಾಲ್ಕನೆಯದೋ ಗೊತ್ತಾದರೆ, ಇನ್ನೆಷ್ಟು ದಿನ ಅಂತ ಲೆಕ್ಕ ಹಾಕಬಹುದಲ್ಲ ಎಂಬ ಆಸೆ. ಆ ಐದು ಹಂತಗಳನ್ನು ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಹೇಳಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಸತ್ತವರ ಹಿಂದೆ ಉಳಿದವರ ಪಾಡಿನ ಮೇಲೆ ಅದನ್ನು ಆಮೇಲೆ ಹೇರಿದ್ದು. ಇದನ್ನು ಅವಳಿಗೆ ಹೇಳಿದೆ. ಮುಖ ಸಣ್ಣಗಾಯಿತು.

ಇಲ್ಲಿ ಬರೆಯುತ್ತಿರುವುದಕ್ಕೆ ಮೂವರೂ ಒಪ್ಪಿದ್ದಾರೆ. ಊರು ಹೇಳುವುದಿಲ್ಲ, ಮಂಡ್ಯ ಕಡೆ ಅಂದರೆ ಸಾಕು. ವಯಸ್ಸು, ದಿನ, ಕೆಲವು ವಿವರ ಬದಲಿಸಿದ್ದೇನೆ. ಕಸುಬನ್ನೂ ಬದಲಿಸಲು ಹೊರಟಿದ್ದೆ. ಅಪ್ಪನೇ ಬೇಡ ಅಂದರು. "ಹಿಟ್ಟಿನ ಮಿಲ್ಲು ಊರೂರಿಗೂ ಇದೆ, ಯಾರಿಗೆ ಗೊತ್ತಾಗ್ತದೆ ಬುಡಿ" ಅಂದರು.

ಮನೆ

ಅಪ್ಪನಿಗೆ ಐವತ್ತೈದರ ಆಸುಪಾಸು. ಮನೆಯ ಮುಂಭಾಗದಲ್ಲೇ ಹಿಟ್ಟಿನ ಮಿಲ್ಲು. ಅಮ್ಮ ಮೊದಲು ಮಿಲ್ಲಿನ ಲೆಕ್ಕ, ತೂಕ ನೋಡಿಕೊಳ್ಳುತ್ತಿದ್ದರು. ಮಗ ಇಪ್ಪತ್ತಾರರವನು, ಊರ ಪಕ್ಕದ ಫ್ಯಾಕ್ಟರಿಯಲ್ಲಿ ಕೆಲಸ. ಮಗಳು ಅವನಿಗಿಂತ ಮೂರು ವರ್ಷ ಚಿಕ್ಕವಳು, ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾಳೆ.

ಮಳೆಗಾಲದಲ್ಲಿ ಮಗನಿಗೆ ಡೆಂಗಿ ಬಂತು. ನಾಲ್ಕನೇ ದಿನ ಜ್ವರ ಇಳಿಯಿತು. ಗಂಜಿ ಕುಡಿದ. ಎಲ್ಲರೂ ಉಸಿರುಬಿಟ್ಟರು. ಅಪ್ಪ, "ಜ್ವರ ಬಿಟ್ಟಿದೆ, ಆಸ್ಪತ್ರೆಗೆ ನಾಳೆ ನೋಡಣ" ಅಂದರು. ಡೆಂಗಿಯ ಮೋಸ ಇರುವುದೇ ಅಲ್ಲಿ. ಕೆಲವರಿಗೆ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ. ಅವತ್ತು ರಾತ್ರಿ ಹೊಟ್ಟೆನೋವು, ವಾಂತಿ. ಬೆಳಗ್ಗೆ ಆಸ್ಪತ್ರೆ, ಮಧ್ಯಾಹ್ನ ಇನ್ನೊಂದು ದೊಡ್ಡ ಆಸ್ಪತ್ರೆ. ಮೂರನೇ ದಿನ ಹೋಗಿಬಿಟ್ಟ.

ಹಾಲು-ತುಪ್ಪ ಆದ ಮಾರನೇ ದಿನವೇ ಅಪ್ಪ ಮಿಲ್ ಶುರು ಮಾಡಿದರು. ಹನ್ನೊಂದನೇ ದಿನದ ತಿಥಿಗೆ ನೆಂಟರು ಮಗನ ಫೋಟೋಗೆ ಕಟ್ಟು ಹಾಕಿಸಿ, ಗಂಧದ ಹಾರ ಹಾಕಿ ತಂದರು. ಅಮ್ಮ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನನ್ನ ಹತ್ತಿರ ಬಂದಾಗ

ಏಳು ತಿಂಗಳಾಗಿತ್ತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದು ನಿಂತಿತ್ತು. ಶುಕ್ರವಾರ ರಾತ್ರಿ ಮಗಳು ಬಸ್ಸಿಳಿದು ಬಂದರೆ ವಾರದ ಮಾತೆಲ್ಲ ಅವಳ ಮೂಲಕ. "ನಿಮ್ಮಪ್ಪಂಗೆ ಹೇಳು, ಮುದ್ದೆ ಆರೋಗ್ತದೆ ಅಂತ." "ನಿಮ್ಮವ್ವಂಗೆ ಹೇಳು, ಬಿಪಿ ಮಾತ್ರೆ ತಂದಿಟ್ಟಿದ್ದೀನಿ ಅಂತ." ನಡುವೆ ಇರುವುದು ಒಂದು ಗೋಡೆ, ಎಂಟು ಹೆಜ್ಜೆ.

ಅಮ್ಮನಿಗೆ ಮಿಲ್ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. "ನಾಕ್ನೇ ದಿನಕ್ಕೆ ಮಿಷನ್ ಹಾಕ್ಬಿಟ್ರು ಮೇಡಂ. ಮಗ ಹೋದ, ರಾಗಿ ಬಂತು, ಅಷ್ಟೇಯ." ಅವರು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಮಗನ ಫೋನು ಸದಾ ಅವರ ಸೆರಗಿನಲ್ಲಿ. ರಾತ್ರಿ ಚಾರ್ಜಿಗೆ ಹಾಕುತ್ತಿದ್ದರು. 28 ದಿನಕ್ಕೊಮ್ಮೆ ಅದಕ್ಕೆ ರೀಚಾರ್ಜ್ ಆಗಲೇಬೇಕು. ಮಗಳಿಗೆ ಎರಡು ದಿನ ಮೊದಲೇ ಫೋನ್ ಮಾಡಿ ನೆನಪಿಸುತ್ತಿದ್ದರು. ಅಪ್ಪನಿಗೆ ಅದನ್ನು ನೋಡಿದರೆ ಭಯ. ತಲೆ ಕೆಡ್ತಾ ಇದೆಯೇನೋ ಅಂತ.

ಮೊದಲ ದಿನವೇ ಅಮ್ಮ, "ನಾನೂ ಹೋಗ್ಬುಡ್ಬೇಕು ಅನ್ನಿಸ್ತದೆ" ಅಂದರು. ಇಂಥ ಮಾತನ್ನು ಸುಮ್ನೆ ಕೇಳಿ ಬಿಡಬಾರದು. ನೇರವಾಗಿ ಕೇಳಿದೆ: ಹೇಗೆ, ಯಾವಾಗ, ಏನಾದರೂ ಯೋಚಿಸಿದ್ದೀರಾ? ಯೋಜನೆ ಏನೂ ಇರಲಿಲ್ಲ. ಮಗ ಇರುವ ಕಡೆ ಇರಬೇಕೆಂಬ ಹಂಬಲ ಅದು. ಆದರೂ ಮಗಳಿಗೆ ತಿಳಿಸಿದೆ. ಟೆಲಿ-ಮಾನಸ್ ಸಹಾಯವಾಣಿ 14416ನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಪ್ರತಿ ಭೇಟಿಯಲ್ಲೂ ಮತ್ತೆ ಕೇಳುತ್ತಾ ಬಂದೆ.

ರೋಗದ ಹೆಸರು ಬರೆಯಬೇಕೇ ಎಂಬುದು ಇನ್ನೊಂದು ತೀರ್ಮಾನ. ದೀರ್ಘಕಾಲದ ದುಃಖವನ್ನು ಈಗ ಒಂದು ಕಾಯಿಲೆಯಾಗಿ ಪಟ್ಟಿಗೆ ಸೇರಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರ ಪ್ರಕಾರ ಕನಿಷ್ಠ ಆರು ತಿಂಗಳಾಗಿರಬೇಕು. ಅಮೆರಿಕದ ಮನೋವೈದ್ಯರು 2022ರಲ್ಲಿ ತಂದ, ಮನೋರೋಗಗಳ ಕೈಪಿಡಿ ಡಿಎಸ್ಎಂನ ಪರಿಷ್ಕರಣೆಯಲ್ಲಿ ದೊಡ್ಡವರಿಗೆ ಹನ್ನೆರಡು ತಿಂಗಳು. ಅಂದರೆ ಏಳನೇ ತಿಂಗಳಲ್ಲಿ ಈ ಅಮ್ಮ ಒಂದು ಪುಸ್ತಕದ ಪ್ರಕಾರ ರೋಗಿ ಆಗಬಹುದು, ಇನ್ನೊಂದರ ಪ್ರಕಾರ ಆಗುವುದೇ ಇಲ್ಲ. ಆಯಾ ಜನರ ರೂಢಿಯನ್ನು ಮೀರಿರಬೇಕು ಅಂತಲೂ ಐಸಿಡಿ-11 ಹೇಳುತ್ತದೆ. ವರ್ಷದ ತಿಥಿ ಆಗುವವರೆಗೆ ಹಬ್ಬವನ್ನೇ ಮಾಡದ ಊರು ಅದು. ನಾನು ಹೆಸರು ಬರೆಯಲಿಲ್ಲ. ಈಗಲೂ ಅದು ಸರಿ ಅನ್ನಿಸುತ್ತದೆ.

ನಾನು ಮಾಡಿದ ತಪ್ಪು

ಮೊದಲ ನಾಲ್ಕು ಭೇಟಿ ಅಮ್ಮನ ಜೊತೆ ಮಾತ್ರ. ಅಳುತ್ತಿದ್ದವರು ಅವರು, ಹಾಗಾಗಿ ರೋಗಿ ಅವರೇ ಅಂದುಕೊಂಡೆ. ಮೂರನೇ ಭೇಟಿಯಲ್ಲಿ ಫೋನಿನ ವಿಷಯಕ್ಕೆ ಕೈ ಹಾಕಿದೆ. "ಒಂದು ವಾರ ಬೀರುವಿನಲ್ಲಿ ಇಟ್ಟು ನೋಡೋಣ್ವಾ?" ಅಂದೆ. ಅವರು ಹೂಂ ಅಂದರು. ಮೇಡಂ ಹೇಳಿದ ಮೇಲೆ ಹೂಂ ಅನ್ನಬೇಕಲ್ಲ. ಮಗಳು ಸ್ವಿಚ್ ಆಫ್ ಮಾಡಿ ಇಟ್ಟಳು. ನಾಲ್ಕನೇ ಭೇಟಿಯಲ್ಲಿ ಅಮ್ಮ ಬಾಯಿ ಬಿಡಲಿಲ್ಲ. ಆಮೇಲೆ ಐದು ವಾರ ಬರಲೇ ಇಲ್ಲ.

ಆ ಫೋನು ಏನು ಕೆಲಸ ಮಾಡುತ್ತಿತ್ತು ಅಂತ ನಾನು ಕೇಳಿಯೇ ಇರಲಿಲ್ಲ. ಮಗಳು ಆಮೇಲೆ ಹೇಳಿದಳು. ಅವನು ಫ್ಯಾಕ್ಟರಿಯಿಂದ ದಿನಾ ಒಂದೂವರೆಗೆ, ಊಟದ ಬಿಡುವಿನಲ್ಲಿ, ಅಮ್ಮನಿಗೆ ಫೋನ್ ಮಾಡುತ್ತಿದ್ದ. ಈಗ ಒಂದೂವರೆಗೆ ಅಮ್ಮ ತಮ್ಮ ಫೋನಿನಿಂದ ಅವನ ನಂಬರಿಗೆ ರಿಂಗ್ ಕೊಡುತ್ತಾರೆ. ಅವನು ಇಟ್ಟುಕೊಂಡಿದ್ದ ರಿಂಗ್‌ಟೋನ್ ಅಡುಗೆಮನೆಯಲ್ಲಿ ಒಂದು ಸಲ ಪೂರ್ತಿ ಕೇಳಿಸುತ್ತದೆ. ನಿಂತ ಮೇಲೆ ಅವರು ಊಟಕ್ಕೆ ಕೂರುತ್ತಾರೆ. ನಾನು ಫೋನು ಕಿತ್ತಿಟ್ಟ ವಾರ ಅವರು ಮಧ್ಯಾಹ್ನ ಊಟವನ್ನೇ ಮಾಡಿರಲಿಲ್ಲ.

ಸತ್ತವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಅಂತ ಮನೋವಿಶ್ಲೇಷಣೆ ಹುಟ್ಟುಹಾಕಿದ ಫ್ರಾಯ್ಡ್ 1917ರಲ್ಲಿ ಬರೆದಿದ್ದ. ನಾನು ಕಲಿತ ಕಾಲಕ್ಕೂ ಅದರ ವಾಸನೆ ಹೋಗಿರಲಿಲ್ಲ. ತಮಾಷೆ ಅಂದರೆ, ಅವನಿಗೇ ಅದು ಆಗಲಿಲ್ಲ. 1920ರಲ್ಲಿ ಮಗಳು ಸೋಫಿ ಫ್ಲೂ ಬಂದು ತೀರಿಕೊಂಡಳು. ಒಂಬತ್ತು ವರ್ಷ ಕಳೆದ ಮೇಲೆ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರ್‌ಗೆ ಬರೆದ ಪತ್ರದಲ್ಲಿ, ಆ ಜಾಗ ಇನ್ನೊಂದರಿಂದ ತುಂಬುವುದಿಲ್ಲ ಎಂಬರ್ಥದ ಮಾತು ಬರೆದ. 1996ರಲ್ಲಿ ಅಮೆರಿಕದ ಸಂಶೋಧಕ ಡೆನ್ನಿಸ್ ಕ್ಲಾಸ್ ಮತ್ತು ಜೊತೆಗಾರರು ಇದನ್ನೇ ಸಂಶೋಧನೆಯಾಗಿ ಮುಂದಿಟ್ಟರು. ಹೋದವರ ಜೊತೆ ನಂಟು ಮುಂದುವರಿಯುವುದು ರೋಗವೇನಲ್ಲ, ಬಹಳ ಜನರ ಬದುಕು ಹಾಗೇ ಸಾಗುತ್ತದೆ ಅಂತ. ಪಕ್ಷಮಾಸದಲ್ಲಿ ಎಡೆ ಇಡುವ ನಮಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಿತ್ತಾ? ನನಗಂತೂ ಬೇಕಾಯಿತು ನೋಡಿ.

ಮಗಳ ಕೈಲಿ ಅಮ್ಮನಿಗೆ ಹೇಳಿ ಕಳಿಸಿದೆ: ತಪ್ಪು ನನ್ನದು, ಫೋನು ಸೆರಗಿನಲ್ಲೇ ಇರಲಿ. ಇದನ್ನು ನಾನೇ ಅವರಿಗೆ ಹೇಳಬೇಕಿತ್ತು. ಮನೆಯವರಂತೆ ನಾನೂ ಆ ಹುಡುಗಿಯನ್ನು ಅಂಚೆಯವಳನ್ನಾಗಿ ಮಾಡಿಬಿಟ್ಟಿದ್ದೆ. ಅದು ಹೊಳೆದಿದ್ದು ಬಹಳ ತಡವಾಗಿ.

ಕರೆಂಟ್ ಇಲ್ಲದ ದಿನ

ಅಮ್ಮ ಬರದ ಆ ಐದು ವಾರದಲ್ಲೇ ಪ್ರಕರಣ ತಿರುಗಿತು. ಅಪ್ಪನಿಗೆ ಫೋನ್ ಮಾಡಿದೆ. ಕೌನ್ಸೆಲಿಂಗ್‌ಗೆ ಬನ್ನಿ ಅಂದಿದ್ದರೆ ಅವರು ಬರುತ್ತಿರಲಿಲ್ಲ. "ನಿಮ್ಮ ಮನೆಯವರ ಬಗ್ಗೆ ನಿಮ್ಮಿಂದ ಸ್ವಲ್ಪ ತಿಳ್ಕೋಬೇಕಿತ್ತು" ಅಂದೆ. ಗಂಡಸರು ಸಹಾಯ ಮಾಡಲು ಬರುತ್ತಾರೆ, ಕೇಳಲು ಬರುವುದು ಕಡಿಮೆ. "ಮಂಗಳವಾರ ಕರೆಂಟ್ ತೆಗೀತಾರೆ, ಅವತ್ತು ಬತ್ತೀನಿ" ಅಂದರು.

ಬಂದರು. ಹುಬ್ಬಿನಲ್ಲಿ ಇನ್ನೂ ಹಿಟ್ಟಿತ್ತು. ಅರ್ಧ ಗಂಟೆ ಹೆಂಡತಿಯ ನಿದ್ದೆ, ಊಟ, ಬಿಪಿ. ಅವರಿಗೆ ಎಲ್ಲವೂ ಗೊತ್ತಿತ್ತು. ರಾತ್ರಿ ಎಷ್ಟು ಸಲ ಏಳುತ್ತಾರೆ ಅಂತಲೂ ಹೇಳಿದರು. "ಹಾಗಾದ್ರೆ ನೀವೂ ಎದ್ದಿರ್ತೀರಲ್ವಾ?" ಅಂದೆ. ಸುಮ್ಮನಾದರು. ಆಮೇಲೆ ನಿಧಾನವಾಗಿ ಹೇಳಿದರು.

"ನಾನೂ ಕೂತ್ಕಂಡು ಅತ್ರೆ ಅವ್ಳನ್ನ ನೋಡ್ಕಳೋರ್ಯಾರು ಮೇಡಂ? ಅಳು ಬಂದ್ರೆ ಮಿಲ್ ಹಾಕ್ಕತೀನಿ. ಮಿಲ್ ಓಡುವಾಗ ಯಾರ್ಗೂ ಕೇಳ್ಸಕಿಲ್ಲ. ಮಖದ ತುಂಬ ಹಿಟ್ಟಿರ್ತದೆ, ಕಾಣ್ಸಕೂ ಇಲ್ಲ."

ನೆದರ್ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಮಾರ್ಗರೆಟ್ ಸ್ಟ್ರೋಬೆ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳಿಂದ ದುಃಖವನ್ನೇ ಅಧ್ಯಯನ ಮಾಡಿದವರು. 1999ರಲ್ಲಿ ಅವರೂ ಸಹೋದ್ಯೋಗಿ ಹೆಂಕ್ ಶುಟ್ ಅವರೂ ಹೇಳಿದ್ದು ಇಷ್ಟು: ದುಃಖದಲ್ಲಿರುವವರು ಒಂದೇ ಕಡೆ ನಿಂತಿರುವುದಿಲ್ಲ. ಒಮ್ಮೆ ಹೋದವರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ, ಹೀಗೆ ತೂಗುತ್ತಾ ಇರುತ್ತಾರೆ. ಎರಡೂ ಬೇಕು. ಒಂದೇ ಮನೆಯಲ್ಲಿ ಇಬ್ಬರು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಕಡೆ ತೂಗಿದರೆ ಏನಾಗುತ್ತದೆ ಅನ್ನುವುದನ್ನು ಆಮೇಲಿನ ಕೆಲಸದಲ್ಲಿ ನೋಡಿದರು. 2013ರಲ್ಲಿ ಅವರ ತಂಡ ಮಕ್ಕಳನ್ನು ಕಳೆದುಕೊಂಡ 219 ದಂಪತಿಗಳ ಅಧ್ಯಯನ ಪ್ರಕಟಿಸಿತು. ಸಾವಿನ ನಂತರ 6, 13 ಮತ್ತು 20ನೇ ತಿಂಗಳಲ್ಲಿ ಅವರನ್ನು ವಿಚಾರಿಸಿದ್ದರು. ಸಂಗಾತಿಗೆ ನೋವಾಗಬಾರದು ಅಂತ ತಮ್ಮ ದುಃಖ ನುಂಗಿಕೊಂಡವರ ದುಃಖ ಹೆಚ್ಚಿತ್ತು. ಅಷ್ಟೇ ಅಲ್ಲ, ಯಾರಿಗಾಗಿ ನುಂಗಿದ್ದರೋ ಆ ಸಂಗಾತಿಯ ದುಃಖವೂ ಹೆಚ್ಚಿತ್ತು.

ಆ ಲೇಖನ ಓದಿದಾಗ ನಾನು ಅದನ್ನು ಅಂಕಿಗಳಾಗಿ ಓದಿದ್ದೆ. ಈಗ ಅದು ಹುಬ್ಬಿನಲ್ಲಿ ಹಿಟ್ಟು ಇಟ್ಟುಕೊಂಡು ಎದುರಿಗೆ ಕೂತಿತ್ತು.

"ಇದನ್ನ ಅವರಿಗೆ ಹೇಳಬಹುದಾ?" ಅಂತ ಕೇಳಿದೆ. "ಬ್ಯಾಡಿ" ಅಂದರು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಹೇಳಿಬಿಟ್ಟರೆ ಆ ಮನೆಯ ಅರ್ಧ ಕಷ್ಟ ಒಂದೇ ದಿನದಲ್ಲಿ ಕರಗಬಹುದು ಅನ್ನಿಸುತ್ತಿತ್ತು. ಆದರೆ ಅದು ಅವರ ಗುಟ್ಟು. ಒಂದು ತಿಂಗಳಿಗೂ ಜಾಸ್ತಿ ಅದನ್ನು ಹೊತ್ತುಕೊಂಡಿದ್ದೆ. ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದ ಭಾಗ ಇದೇ.

ಮಗಳ ಬಯೋಡೇಟಾ

ಮುಂದಿನ ಶನಿವಾರ ಮಗಳನ್ನು ಒಬ್ಬಳನ್ನೇ ಕರೆದೆ. ಅಪ್ಪ ಹೇಗಿದ್ದಾರೆ, ಅಮ್ಮ ಹೇಗಿದ್ದಾರೆ ಅಂತ ವರದಿ ಶುರು ಮಾಡಿದಳು. ತಡೆದೆ. ನಿನ್ನ ವಾರ ಹೇಗಿತ್ತು ಅಂದೆ. ಫೋನ್ ತೆಗೆದು ಒಂದು ಪಿಡಿಎಫ್ ತೋರಿಸಿದಳು. ಸಾವಾದ ವರ್ಷದೊಳಗೆ ಮದುವೆ ಮಾಡಿಬಿಡಬೇಕು ಅಂತ ಚಿಕ್ಕಪ್ಪ ಅವಳ ಬಯೋಡೇಟಾ ಮಾಡಿಸಿ ಎಲ್ಲ ಕಡೆ ಕಳಿಸಿದ್ದರು. ಅದರಲ್ಲೊಂದು ಸಾಲು: "ಒಡಹುಟ್ಟಿದವರು: ಇಲ್ಲ."

"ಇಲ್ಲ ಅಂತ ಹಾಕೋದಾ ಮೇಡಂ? ಇಪ್ಪತ್ಮೂರು ವರ್ಷ ಜಗಳ ಆಡಿದ್ದೀನಿ ಅವನ ಜೊತೆ."

ಅವತ್ತು ಅವಳು ಒಂದು ಗಂಟೆ ಅತ್ತಳು. ತಿಥಿಗೆ ಬಂದವರೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು: ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೋ. ಅಣ್ಣನನ್ನು ಕಳೆದುಕೊಂಡಿದ್ದು ಅವಳೂ ಹೌದು ಅನ್ನುವುದು ಯಾರಿಗೂ ನೆನಪಾಗಿರಲಿಲ್ಲ. ಮೊದಲ ನಾಲ್ಕು ಭೇಟಿಯಲ್ಲಿ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದವಳು ಅವಳೇ. ನನಗೂ ನೆನಪಾಗಿರಲಿಲ್ಲ.

ಅವಳ ಜೊತೆ ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಎರಡು ವಾರ ಊರಿಗೆ ಹೋಗಬಾರದು. ಫೋನಿನಲ್ಲಿ ಅಪ್ಪನ ಮಾತು ಅಮ್ಮನಿಗೆ, ಅಮ್ಮನ ಮಾತು ಅಪ್ಪನಿಗೆ ದಾಟಿಸಬಾರದು. ಅವಳಿಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತು. ನನಗೂ ಧೈರ್ಯ ಪೂರ್ತಿ ಇರಲಿಲ್ಲ. ಅಮ್ಮನ ಸಾವಿನ ಯೋಚನೆ ಇನ್ನೂ ನೆನಪಿತ್ತು. ಹಾಗಾಗಿ ಆ ಎರಡು ವಾರ ನಾನೇ ದಿನ ಬಿಟ್ಟು ದಿನ ಅಮ್ಮನಿಗೆ ಫೋನ್ ಮಾಡಿದೆ. ಮೊದಲ ಕರೆಯಲ್ಲೇ ಫೋನಿನ ವಿಷಯಕ್ಕೆ ಕ್ಷಮೆ ಕೇಳಿದೆ. "ಬುಡಿ ಮೇಡಂ" ಅಂದರು. ಮತ್ತೆ ಬರಲು ಒಪ್ಪಿದರು.

ಜೂನ್ ಕೊನೆಯಲ್ಲಿ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಮಗಳ ಕುರ್ಚಿ ಅವರಿಬ್ಬರ ನಡುವೆ ಇರದಂತೆ ನನ್ನ ಪಕ್ಕಕ್ಕೆ ಎಳೆದುಕೊಂಡೆ. ಮಾತು ಆ ನಾಲ್ಕನೇ ದಿನಕ್ಕೆ ಬಂತು. ಬರಲೇಬೇಕಿತ್ತು. ಅಮ್ಮ ಗಂಡನ ಕಡೆ ನೋಡದೆ, "ನಾಳೆ ನೋಡಣ ಅಂದ್ರಲ್ಲ" ಅಂದರು. ಅಪ್ಪ ತಲೆ ಬಗ್ಗಿಸಿದರು. ಯಾರ ತಪ್ಪೂ ಅಲ್ಲ ಅಂತ ಹೇಳುವುದು ಸುಲಭವಿತ್ತು. ಹೇಳಲಿಲ್ಲ. ಅಂಥ ಸಮಾಧಾನ ಬಾಗಿಲು ದಾಟುವಷ್ಟರಲ್ಲಿ ಖಾಲಿಯಾಗುತ್ತದೆ. "ಅವತ್ತು ನೀವು ಏನು ಮಾಡ್ತಿದ್ರಿ?" ಅಂತ ಅಮ್ಮನನ್ನೇ ಕೇಳಿದೆ. ಬಹಳ ಹೊತ್ತಾದ ಮೇಲೆ ಹೇಳಿದರು. "ದೇವ್ರಿಗೆ ತುಪ್ಪದ ದೀಪ ಹಚ್ತಿದ್ದೆ. ಜ್ವರ ಬುಡ್ತಲ್ಲ ಅಂತ. ಮಲ್ಗವ್ನೆ, ಎಬ್ಬುಸ್ಬ್ಯಾಡಿ ಅಂದೋಳು ನಾನೇಯ."

ಅಪ್ಪನಿಗೆ ಅದು ನೆನಪಿತ್ತು. ಹತ್ತು ತಿಂಗಳಿಂದ ಒಂದು ಸಲವೂ ಬಾಯಿಗೆ ತಂದಿರಲಿಲ್ಲ.

ಕಾಳಿಲ್ಲದ ಸದ್ದು

ಮುಂದಿನದು ನನ್ನ ಕೋಣೆಯಲ್ಲಿ ಆಗಲಿಲ್ಲ, ನನ್ನಿಂದಲೂ ಆಗಲಿಲ್ಲ. ಮೂವರೂ ಒಟ್ಟಿಗೆ ಕೂತ ಮೇಲೆ ಎರಡನೇ ವಾರ ಮಗಳು ಊರಿಗೆ ಹೋಗಿರಲಿಲ್ಲ. ಊಟಕ್ಕೆ ಕರೆಯಲು ಯಾರೂ ಇಲ್ಲ. ಒಂದೂವರೆಯ ರಿಂಗ್ ಆದ ಮೇಲೆ ಅಮ್ಮ ತಾವೇ ತಟ್ಟೆ ಹಿಡಿದು ಮಿಲ್ಲಿನ ಬಾಗಿಲಿಗೆ ಹೋದರು. ಸಾವಾದ ಮೇಲೆ ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ಮಿಲ್ ಓಡುತ್ತಿತ್ತು. ರಾಗಿ ಸುರಿಯುವ ಡಬ್ಬ ಖಾಲಿ. ಕೆಳಗೆ ಹಿಟ್ಟು ಬೀಳುತ್ತಿಲ್ಲ. ಗಿರಾಕಿಯೂ ಇಲ್ಲ. ಗಂಡ ಗೋಡೆ ಕಡೆ ಮುಖ ಮಾಡಿ ಮೂಟೆ ಮೇಲೆ ಕೂತಿದ್ದರು.

ಮೂವತ್ತು ವರ್ಷ ಮಿಲ್ ನೋಡಿದವರು. ಕಾಳಿಲ್ಲದೆ ಓಡಿಸಿದರೆ ಕಲ್ಲು ಕಲ್ಲಿಗೆ ಉಜ್ಜಿ ಸವೆಯುತ್ತದೆ ಅಂತ ಗೊತ್ತು. ಮೊದಲು ಬಂದಿದ್ದು ಬೈಗುಳವೇ. "ಕಲ್ಲು ಹಾಳಾಗಕಿಲ್ವಾ?" ಅಂತ. ಅವರು ತಿರುಗಿದರು. ಕೆನ್ನೆಯ ಹಿಟ್ಟಿನಲ್ಲಿ ಎರಡು ಗೆರೆ.

ಮುಂದಿನ ಭೇಟಿಯಲ್ಲಿ ಅಮ್ಮ ಹೇಳಿದ್ದು ಇದು: "ಕಾಳಿಲ್ದಾಗ ಮಿಲ್ ಸದ್ದೇ ಬೇರೆ ಮೇಡಂ. ಆ ಸದ್ದ ಎಷ್ಟ್ ದಿನ ಕೇಳಿದ್ದೀನಿ ಒಳಗಿಂದ. ಸಿಟ್ಟಲ್ಲಿ ಗೊತ್ತಾಗ್ಲೇ ಇಲ್ಲ."

ಇದಾದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಮಾತು ಶುರುವಾಯಿತು, ಅಷ್ಟೆ. ಅದೂ ಹೆಚ್ಚಾಗಿ ಬಿಪಿ ಮಾತ್ರೆ, ರಾಗಿ ರೇಟು. ಅಪ್ಪ ಇನ್ನೊಂದು ಸಲ ಬಂದು, ಆಮೇಲೆ ಬರಲಿಲ್ಲ. ಅಮ್ಮನ ನಿದ್ದೆ ಸುಧಾರಿಸಿತು, ಸಾಯುವ ಮಾತು ನಿಂತಿತು. ಆದರೆ ಮದುವೆ ಮನೆಗಳಿಗೆ ಹೋಗುವುದು ಇವತ್ತಿಗೂ ಆಗಿಲ್ಲ. ಮಗಳು ನಾಲ್ಕು ಸಲ ತನಗಾಗಿಯೇ ಬಂದಳು. ಬಯೋಡೇಟಾದಲ್ಲಿ ಅಣ್ಣನ ಹೆಸರು ಸೇರಿಸಿ, ಮದುವೆಯ ಮಾತನ್ನು ಸದ್ಯಕ್ಕೆ ನಿಲ್ಲಿಸಿದಳು.

ಇಂಥ ಮನೆ ಇನ್ನೊಂದು ಬಂದರೆ ಬೇರೆ ರೀತಿ ಮಾಡುತ್ತೇನೆ. ಮೊದಲ ದಿನವೇ ಬೆಂಚಿನ ಮೇಲೆ ಕೂತವರನ್ನೂ ಒಳಗೆ ಕರೆಯುತ್ತೇನೆ. ಒಂದು ವಸ್ತುವನ್ನು ತೆಗೆದಿಡಿ ಅನ್ನುವ ಮೊದಲು, ಅದು ದಿನದಲ್ಲಿ ಯಾವ ಹೊತ್ತಿಗೆ ಏನು ಮಾಡುತ್ತದೆ ಅಂತ ಕೇಳುತ್ತೇನೆ. ಅಳದವರಿಗೆ ಅಳು ಬರುವುದು ಎಲ್ಲಿ ಅಂತ ಹುಡುಕುತ್ತೇನೆ. ಗುಟ್ಟಿನ ವಿಷಯದಲ್ಲಿ ಮಾತ್ರ ಮತ್ತೆ ಹಾಗೇ ಮಾಡುತ್ತೇನೆ. ನಾನು ಹೇಳಿಬಿಟ್ಟಿದ್ದರೆ ಅಮ್ಮನಿಗೆ ಒಂದು ಸುದ್ದಿ ಸಿಗುತ್ತಿತ್ತು. ತಟ್ಟೆ ಹಿಡಿದು ಆ ಬಾಗಿಲಿಗೆ ಹೋಗುತ್ತಿರಲಿಲ್ಲ.

ಹಿರಿಯರ ಹಬ್ಬ

ವರ್ಷದ ತಿಥಿ ಮುಗಿದು ಮಹಾಲಯ ಅಮಾವಾಸ್ಯೆ ಬಂತು. ಇನ್ನು ಮಗನ ಫೋಟೋವನ್ನೂ ಹಿರಿಯರ ಎಡೆಗೆ ಸೇರಿಸಬೇಕು ಅಂತ ಚಿಕ್ಕಪ್ಪ ಹಟ ಹಿಡಿದರು. ಅಮ್ಮ ಬೀರುವಿನ ಬೀಗದ ಕೈ ಕೊಡಲಿಲ್ಲ. "ಅವ್ನ್ಯಾವ ಹಿರಿಯ? ಇಪ್ಪತ್ತಾರು ವರ್ಷ!" ನೆಂಟರೆಲ್ಲ ಅಪ್ಪನ ಮುಖ ನೋಡಿದರು. ಹಿಂದಿನ ಅಪ್ಪ ಆಗಿದ್ದರೆ ಮಗಳ ಕೈಲಿ ಹೇಳಿಸುತ್ತಿದ್ದರು, ಇಲ್ಲವೇ ಎದ್ದು ಮಿಲ್ಲಿಗೆ ಹೋಗುತ್ತಿದ್ದರು. ಈ ಸಲ ಹೆಂಡತಿಯ ಕಡೆ ತಿರುಗಿ, "ಏನ್ ಮಾಡಣ ಹೇಳು" ಅಂದರು.

ಅಮ್ಮ ಯೋಚಿಸಿ ತಾವೇ ಫೋಟೋ ತಂದರು. ಗಂಧದ ಹಾರ ತೆಗೆದಿದ್ದರು. ಅಜ್ಜ ಅಜ್ಜಿಯ ಫೋಟೋ ಇದ್ದ ಮಣೆಯ ಮೇಲೆ ಇಡಲಿಲ್ಲ. ಕೆಳಗೆ ಚಾಪೆಯ ಮೇಲೆ, ಗೋಡೆಗೆ ಒರಗಿಸಿ ಇಟ್ಟರು. "ಚಿಕ್ಕೋನು, ಕೆಳ್ಗೇ ಇರ್ಲಿ" ಅಂದರು. ಹಿರಿಯರಿಗೆ ಮುದ್ದೆ, ಮರಿ ಸಾರು. ಅವನ ಮುಂದೆ ಒಂದು ಸಣ್ಣ ಎಲೆ. ಅಪ್ಪ ಸರ್ಕಲ್ಲಿನ ಗಾಡಿಯಿಂದ ಗೋಬಿ ಮಂಚೂರಿ ಕಟ್ಟಿಸಿಕೊಂಡು ಬಂದಿದ್ದರು.

ಹೋದ ತಿಂಗಳು ಮಗಳು ಫೋನ್ ಮಾಡಿದ್ದಳು. ಕೆಲಸದ ಗಲಾಟೆಯಲ್ಲಿ ರೀಚಾರ್ಜ್ ದಿನ ಮರೆತೇಹೋಗಿತ್ತಂತೆ. ಊರಿಂದ ಯಾರೂ ನೆನಪಿಸಿರಲೂ ಇಲ್ಲ. ಮೂರು ದಿನ ತಡವಾಗಿ, ಎದೆ ಹೊಡೆದುಕೊಳ್ಳುತ್ತಾ, ಅಣ್ಣನ ನಂಬರ್ ಹಾಕಿ ನೋಡಿದರೆ ಆಗಲೇ ರೀಚಾರ್ಜ್ ಆಗಿದೆ. ಅಪ್ಪ ಅಂಗಡಿಗೆ ಹೋಗಿ ಹಾಕಿಸಿದ್ದರು. 28 ದಿನದ್ದಲ್ಲ, 84 ದಿನದ್ದು. "ಒಟ್ಟಿಗೆ ಹಾಕ್ಸುದ್ರೆ ಉಳೀತದೆ" ಅಂದರಂತೆ.